ಚಹಾ ಕುಡದು ಪ್ಲಗ್ ಹಾಕ್ರಿ

ನಾ ರಿಟೈರ್ ಆದಾಗ ನನಗ ಮೂವತ್ತೊಂದು. ನಗಬ್ಯಾಡ್ರಿ. ಶಾಲು ಹೊದಿಸಲಿಲ್ಲ, ಹಾರ ಹಾಕಲಿಲ್ಲ, ಗ್ವಾಡಿ ಗಡಿಯಾರ ಕೊಡಲಿಲ್ಲ. ನಮ್ಮ ಮ್ಯಾನೇಜರು ಮೊಬೈಲಿನಾಗ ಎರಡು ಸಾಲು ಕಳಿಸಿದ್ರು, ನಾ ಒಂದು ಸಾಲು ಕಳಿಸಿದೆ, ಮುಗೀತು. ಇದಕ್ಕ ಕೆಲವರು ರಾಜೀನಾಮೆ ಅಂತಾರ, ಕೆಲವರು ಹೊರಗ ಹಾಕಿದ್ರು ಅಂತಾರ. ನಾ ರಿಟೈರ್‌ಮೆಂಟ್ ಅಂತೀನಿ. ನನ್ನ ನೌಕರಿ, ನನ್ನ ಶಬ್ದ.

ಈಗ ರಾಯಚೂರಿನ ಗಂಜ್ ರಸ್ತೆದಾಗ ತೂಕದ ಕಾಟಾ ರಿಪೇರಿ ಮಾಡತೀನಿ. ಹೊಸದಾಗಿ ಆ ಹಳೇ ಕೆಲಸಕ್ಕ ಸೇರಿದವರು ಬಂದು, "ಮೌನೇಶಣ್ಣಾ, ಅಲ್ಲಿ ಹೆಂಗಿರತದ?" ಅಂತ ಕೇಳತಾರ. ಅವರಿಗೆ ಹೇಳಿದ್ದನ್ನೇ ಬರಿಯಾಕತ್ತೀನಿ. ನಾ ಕೈ ಹಚ್ಚಿದ್ದು ಹನ್ನೆರಡು ಪೆಟಗಿ, ಕೆಡಿಸಿದ್ದು ಹದಿಮೂರು. ಹದಿಮೂರನೇದು ಆಫೀಸಿನ ಫ್ಯಾನು, ಅದನ್ನ ಯಾರೂ ಮುಟ್ಟಂತ ಹೇಳಿರಲಿಲ್ಲ. ಇಷ್ಟು ಅನುಭವ ಇರೋನ ಮಾತು ಕೇಳಿದ್ರ ನಿಮಗ ಲುಕ್ಸಾನ ಇಲ್ಲ.

ಕೆಲಸ ಹೇಳಾಕ ಸರಳ ಅದ. ಮಾನ್ವಿ, ದೇವದುರ್ಗ ಕಡಿ ಕಾಲುವಿ ದಂಡಿಗೆ ನೀರು ಅಳಿಯೋ ಸಣ್ಣ ಸಣ್ಣ ಗೇಜ್ ಖೋಲಿ ಅವ. ಒಳಗ ಒಂದು ಪೆಟಗಿ. ಪೆಟಗಿಯೊಳಗ ಅಂಗೈಯಷ್ಟು ಕಂಪ್ಯೂಟರು, ಅದಕ್ಕ ಹಚ್ಚಿದ್ದು ಸಿಮ್ ಹಾಕಿದ ಒಂದು ಮೋಡೆಮ್ಮು. ಕಾಲುವಿಯೊಳಗ ನೀರು ಎಷ್ಟದ ಅಂತ ಪೆಟಗಿ ತಾಸಿಗೊಮ್ಮಿ ಇಂಟರ್ನೆಟ್ ಮ್ಯಾಲ ಆಫೀಸಿಗೆ ತಿಳಸಬೇಕು. ಕಂಪ್ಯೂಟರಿಗೂ ಮೋಡೆಮ್ಮಿಗೂ ನಡಕ ಇರೋದು ಸೀರಿಯಲ್ ಲೈನು. ಅಂದ್ರ ಒಂದು ವೈರು, ಅದರಾಗ ಅಕ್ಷರ ಒಂದರ ಹಿಂದ ಒಂದು ಹೋಗತಾವ, ಸಿಟಿ ಬಸ್ಸಿನ ಬಾಗಲದಾಗ ಮಂದಿ ಇಳದಂಗ. ಇಂಟರ್ನೆಟ್ಟು ಮಾತ್ರ ದೊಡ್ಡ ದೊಡ್ಡ ಗಂಟು ಕಟ್ಟಿ ಬರತದ. ಆ ಗಂಟು ಬಿಚ್ಚಿ, ಬಾಗಲದಾಗಿಂದ ಒಂದೊಂದೇ ಅಕ್ಷರ ದಾಟಿಸಿ, ಆಚಿ ಕಡಿ ಮತ್ತ ಗಂಟು ಕಟ್ಟಾಕ ಒಬ್ಬ ಹಮಾಲ ಬೇಕು. ಆ ಹಮಾಲನ ಹೆಸರು ಪಿಪಿಪಿ. ಅವನಿಗೆ ಕಂಪ್ಯೂಟರಿನ ಕರ್ನಲ್ಲಿನಾಗ, ಅಂದ್ರ ಆಪರೇಟಿಂಗ್ ಸಿಸ್ಟಮ್ಮಿನ ನಡುಮನಿಯೊಳಗ, ಜಾಗ ಮಾಡಿಕೊಡೋದು ನನ್ನ ನೌಕರಿ.

ಈ ನೌಕರಿ ನನಗ ಕಲಿಸಿದಾಂವ ಖಾಜಾ ಭಾಯಿ. ಟೆಲಿಫೋನ್ ತಂತಿ ಮ್ಯಾಲ ಇಂಟರ್ನೆಟ್ ಬರೋ ಕಾಲದಾಗ ತೀನ್ ಕಂದೀಲ್ ಹತ್ತರ ಅಂಗಡಿ ನಡಿಸಿದ ಮನಷ್ಯಾ. ಮೋಡೆಮ್ ಕಿರಚೋದು ಕೇಳೇ ಲೈನ್ ಸಿಗತದೋ ಇಲ್ಲೋ ಹೇಳತಿದ್ನಂತ. ಮೊದಲನೇ ದಿನಾನೇ ನನಗ ಒಂದೇ ಪಾಠ ಹೇಳಿದ: "ಪೈಲೆ ತಾರ್ ದೇಖ್ ರೇ, ಬಾದ್ ಮೇ ಕರ್ನಲ್ ಕೂ ಗಾಲಿ ದೇ." ಮೊದಲ ವೈರ್ ನೋಡು, ಆಮ್ಯಾಲ ಕರ್ನಲ್ಲಿಗೆ ಬೈಯಿ ಅಂತ. ನಾ ತಲಿ ಆಡಿಸಿದೆ. ತಲಿ ಆಡಿಸೋದ್ರಾಗ ನಾ ಹುಟ್ಟಾ ಹುಶಾರ್.

ಈಗ ತಪ್ಪು ಶುರು ಮಾಡೋಣ.

ಕರ್ನಲ್ ಕಟ್ಟುವಾಗ ಒಂದು ಉದ್ದನ ಪಟ್ಟಿ ಬರತದ. ಒಂದೊಂದು ಸೌಲತ್ತಿಗೂ ಕೇಳತದ: ಒಳಗ ಕೂಡಿಸಲೇನು, ಬ್ಯಾರೆ ತುಂಡಾಗಿ ಹೊರಗ ಇಡಲೇನು, ಇಲ್ಲಾ ಬ್ಯಾಡೇನು? ನಾ ಪಿಪಿಪಿ ಮುಂದ "ಹೊರಗ ಇಡು" ಅಂತ ಆರಿಸಿದೆ, ಯಾಕಂದ್ರ ಹಂಗ ಆರಿಸಿದವರು ಶಾಣ್ಯಾ ಕಾಣತಾರ ಅನ್ನಸ್ತು. ಹೊಸಾ ಕರ್ನಲ್ ಪೆಟಗಿಗೆ ತುಂಬಿ ಮಾನ್ವಿಗೆ ಒಯ್ದೆ. ಹೊರಗ ಇಟ್ಟ ತುಂಡು ರಾಯಚೂರಿನ ನನ್ನ ಕಂಪ್ಯೂಟರಿನಾಗೇ ಉಳದಿತ್ತು. ಒಗ್ಗರಣಿ ಹಾಕಿ ಮಂಡಕ್ಕಿ ಮರತಂಗ. ಕಾಲುವಿ ದಂಡಿಗೆ ಕುಂತು ಶುರು ಮಾಡಿದ್ರ ಪೆಟಗಿ ಹೇಳತು: "ಈ ಸಿಸ್ಟಮ್ಮಿನಾಗ ಪಿಪಿಪಿ ಇಲ್ಲ." ನಾ ಅದಕ್ಕ ಅಂದೆ, "ಲೇ, ನಾನೇ ಹಾಕೀನಿ." ಪೆಟಗಿ ಮತ್ತ ಅದನ್ನೇ ಹೇಳತು. ಅರ್ಧ ತಾಸು ಜಗಳಾಡಿದ್ವಿ. ಖಾಜಾ ಭಾಯಿಗೆ ಫೋನ್ ಮಾಡಿ, "ಪೆಟಗಿ ಸುಳ್ಳು ಹೇಳಾಕತ್ತ್ಯಾದ" ಅಂದೆ.

"ಹೌ ರೇ," ಅಂದ ಖಾಜಾ ಭಾಯಿ, "ಪೆಟಗಿಗೆ ನಿನ್ನ ಮ್ಯಾಲ ಹಗೆ ಅದ. ತುಂಡು ಎಲ್ಲಿಟ್ಟಿ?"

ನಾ ಫೋನ್ ಇಟ್ಟು ಮಾನ್ವಿಯಿಂದ ರಾಯಚೂರಿಗೆ ಬಸ್ ಹತ್ತಿದೆ.

ಎರಡನೇ ಸಲ ಹಮಾಲನ್ನ ಒಳಗೇ ಕೂಡಿಸಿ ಒಯ್ದೆ. ಪೆಟಗಿಗೆ ಸೀರಿಯಲ್ ಬಾಗಲಾ ಇರೋದು ಒಂದೇ. ಅದೇ ಬಾಗಲದಾಗ ಕಂಪ್ಯೂಟರು ತನ್ನ ರಿಪೇರಿಗೆ ಬಂದೋರನ್ನ ಮಾತಾಡಸತದ: "ಯಾರು ನೀವು? ಹೆಸರು ಹೇಳ್ರಿ." ಆ ಬಾಗಲಕ್ಕೇ ನಾ ಮೋಡೆಮ್ ಹಚ್ಚಿದೆ, ಹಿಂಗ ಹೆಸರು ಕೇಳಕೋತ ಬಾಗಲಾ ಕಾಯೋನ್ನ ಮಾತ್ರ ಎಬ್ಬಿಸಿ ಕಳಸಲಿಲ್ಲ. ಮೋಡೆಮ್ಮಿನ ಚಟ ಏನಂದ್ರ, ಅದಕ್ಕ ಏನು ಹೇಳಿದ್ರೂ ಅದನ್ನೇ ಹೊಳ್ಳಿ ಹೇಳತದ. ಹಿಂಗಾಗಿ ಕಂಪ್ಯೂಟರು, "ಹೆಸರು ಹೇಳ್ರಿ" ಅಂತು. ಮೋಡೆಮ್ಮು, "ಹೆಸರು ಹೇಳ್ರಿ" ಅಂತು. ಕಂಪ್ಯೂಟರು ಇದೇ ಅವನ ಹೆಸರಿರಬೇಕು ಅಂತ ತಿಳಕೊಂಡು, "ಪಾಸ್‌ವರ್ಡ್ ಹೇಳ್ರಿ" ಅಂತು. ಮೋಡೆಮ್ಮು ಅದನ್ನೂ ಹೊಳ್ಳಿ ಹೇಳತು. "ತಪ್ಪು. ಯಾರು ನೀವು?" "ತಪ್ಪು. ಯಾರು ನೀವು?" ಇಬ್ಬರೂ ಭಾಳ ಸಂಭಾವಿತರು, ಯಾರೂ ಬ್ಯಾಸರ ಮಾಡಕೊಳ್ಳಲಿಲ್ಲ.

ನನಗ ಕಂಡದ್ದೇನು? ದೀಪ ಚಕಚಕ ಮಿಣಕಾಕತ್ತಿದ್ವು. "ಸರ್, ಡೇಟಾ ಹೊಳಿ ಬಂದಂಗ ಹರಿಯಾಕತ್ತ್ಯಾದ" ಅಂತ ಮ್ಯಾನೇಜರಿಗೆ ಹೇಳಿದೆ. ಅವರು ಮಾನ್ವಿತನಕ ಬಂದು ಪೆಟಗಿ ಜೋಡಿ ಫೋಟೋ ಹೊಡಸ್ಕೊಂಡು ಕಂಪನಿಯ ದೊಡ್ಡೋರಿಗೆ ಕಳಿಸಿದ್ರು. ಮೂರನೇ ದಿನ ಖಾಜಾ ಭಾಯಿ ವೈರಿನಾಗ ಏನು ಹರಿಯಾಕತ್ತ್ಯಾದ ಅಂತ ಲ್ಯಾಪ್‌ಟಾಪ್ ಹಚ್ಚಿ ನೋಡಿ, ನೆಲಕ್ಕ ಕುಂತು ನಕ್ಕ. "ಅರೇ ಮಿಯಾ, ತೂ ಇಂಟರ್ನೆಟ್ ನಹೀ ಜೋಡ್ಯಾ, ಇಬ್ಬರಿಗೆ ಲಗ್ನ ಮಾಡಿಸೀದಿ!"

ಬಾಗಲಾ ಕಾಯೋನ್ನ ತೆಗದೆ. ಮಾನ್ವಿ ಪೆಟಗಿ ಚಂದ ನಡೀತು. ನನಗ ಸೊಕ್ಕು ಬಂತು. ಒಂದು ವೈರಿನ ಮ್ಯಾಲ ಇಬ್ಬರು ಮಾತಾಡಬಾರದು ಅನ್ನೋದನ್ನ ನಾ ಕಲತೀನಿ ಅಂತ. ಖರೆ ಹೇಳಬೇಕಂದ್ರ ಅರ್ಧಾ ಕಲತಿದ್ದೆ. ಉಳದರ್ಧ ಒಬ್ಬಾಕಿ ಹೆಣ್ಮಗಳ ಹೊಟ್ಟಿ ಮ್ಯಾಲ ಹೊಡದು ಕಲತೆ. ಈಗ ಅದು.

ದೇವದುರ್ಗ ತಾಲೂಕಿನಾಗ, ಗೂಗಲ್ ಅನ್ನೋ ಊರಿಗೆ ಹೋಗೋ ಕಡಿ ಒಂದು ಉಪಕಾಲುವಿ. ಅಲ್ಲಿ ಗೇಜ್ ನೋಡಾಕಿ ಹುಲಿಗೆಮ್ಮ. ದಿನಗೂಲಿ ಮ್ಯಾಲ ಹದಿನಾಕು ವರ್ಷದಿಂದ ದಿನಾ ಎರಡು ಹೊತ್ತು ಅಳತಿ ಪಟ್ಟಿ ನೋಡಿ ರಿಜಿಸ್ಟರಿನಾಗ ಬರಿಯಾಕಿ. ಗಂಡ ಇಲ್ಲ. ಮಕ್ಕಳ ಪಾಟಿ ನೋಡಿ ತಾನೂ ಅಕ್ಷರ ಕಲತಾಕಿ, ಮಗಳು ನರ್ಸಿಂಗ್ ಓದಾಕತ್ತಿದ್ಲು. ನಾ ಪೆಟಗಿ ಕೂಡಿಸಾಕ ಹೋದ ದಿನಾನೇ ಕೇಳಿದ್ಲು, "ಇದು ಬಂದ ಮ್ಯಾಲ ನನಗ ಹೋಗಂತಾರೇನಪ್ಪ?"

"ಇಲ್ಲ ಯವ್ವಾ. ಪೆಟಗಿಗೂ ನೋಡಕೊಳ್ಳಾಕ ಮಂದಿ ಬೇಕು. ಕೆಂಪು ದೀಪ ಅಂದ್ರ ಕರೆಂಟ್ ಅದ, ಹಸರು ದೀಪ ಅಂದ್ರ ಮಾತಾಡಾಕತ್ತ್ಯಾದ. ಅಷ್ಟು ನೋಡು ಸಾಕು."

ಆಕಿ ಅಷ್ಟೇ ನೋಡಿದ್ಲು. ನಾ ಹೇಳಿದ್ದನ್ನ ಅಷ್ಟು ಖರೇ ಅಂತ ನಂಬಿ ಕೇಳಿದಾಕಿ ಜಗತ್ತಿನಾಗ ಆಕಿ ಒಬ್ಬಾಕೀನೇ.

ಹದಿನೈದು ದಿನಕ್ಕ ಆ ಪೆಟಗಿ ಬಾಯಿ ಮುಚ್ಚಾಕ ಶುರು ಮಾಡತು. ನಾ ಹೋಗೋದು, ಕಂಪ್ಯೂಟರಿನ ಬಟನ್ ಒತ್ತಿ ಬಂದ್ ಮಾಡಿ ಚಾಲೂ ಮಾಡೋದು, ಟಕ್ ಅಂತ ಹಸರು ದೀಪ. ನಾಕು ದಿನಕ್ಕ ಮತ್ತ ಬಂದ್. ಮತ್ತ ಹೋಗೋದು, ಬಟನ್ ಒತ್ತೋದು, ಹಸರು ದೀಪ. ಆರು ಸಲ ಆತು. ಮ್ಯಾನೇಜರು, "ಕಾರಣ ಬರದುಕೊಡು" ಅಂದ್ರು. ನಾ ಹುಶಾರ್ ಮನಷ್ಯಾ ನೋಡ್ರಿ, ವೈರ್ ನೋಡಲಿಲ್ಲ, ವಿಚಾರ ಮಾಡಲಿಲ್ಲ, ಬರದೆ: "ಪೆಟಗಿಯೊಳಗ ದೋಷ ಇಲ್ಲ. ಸ್ಥಳದಲ್ಲಿದ್ದವರು ಕೈಯಾಡಿಸಿರುವ ಅನುಮಾನ." ಅಂಥಾ ಶುದ್ಧ ಕನ್ನಡ ನಾ ಪರೀಕ್ಷಾದಾಗೂ ಬರದಿದ್ದಿಲ್ಲ. ಆ ಹಾಳಿ ಹಿಡಕೊಂಡು ದೇವದುರ್ಗದ ಆಫೀಸಿನವರು ಸೋಮವಾರ ಬಾ ಅಂತ ಹುಲಿಗೆಮ್ಮಗ ಹೇಳಿಕಳಿಸಿದ್ರು. ತಪ್ಪು ಒಪ್ಪಿಕೊಂಡ್ರೂ ಕೆಲಸ ಇಲ್ಲ, ಒಪ್ಪದಿದ್ರೂ ಇಲ್ಲ.

ಶುಕ್ರವಾರ ಮುಂಜಾನಿ ಹನ್ನೊಂದಕ್ಕ ನಮ್ಮ ರಾಯಚೂರಿನ ಕೆಲಸದ ಖೋಲಿಗೆ ಹುಲಿಗೆಮ್ಮ ಬಂದ್ಲು. ಬಗಲಾಗ ರಿಜಿಸ್ಟರು. ಕೂಡು ಅಂದ್ರ ಕೂಡಲಿಲ್ಲ.

"ನೀನೇ ಬರದೀಯಂತಲ್ಲೋ ತಮ್ಮಾ."

"ಯವ್ವಾ, ನಾ ನಿನ್ನ ಹೆಸರು ಬರದಿಲ್ಲ."

"ಸ್ಥಳದಾಗ ಇದ್ದವರು ಅಂದ್ರ ಯಾರು? ಕಾಲುವಿಯೊಳಗಿನ ಏಡಿ ಏನು?"

ಖಾಜಾ ಭಾಯಿ ಕೆಮ್ಮಿ ಆ ಕಡಿ ಮಾರಿ ಮಾಡಿದ. ನಗು ತಡಕೊಳ್ಳಾಕ ಅಂವ ಹಂಗ ಮಾಡತಾನ.

"ಕೆಲಸ ಹೋದ್ರ ಹತ್ತಿ ಬಿಡಸಾಕ ಹೋಗತೀನಿ," ಅಂದ್ಲು. "ಕೆಡಿಸಿದಾಕಿ ಅನಿಸ್ಕೊಂಡು ಹೋಗಂಗಿಲ್ಲ. ನೋಡು ಇದನ್ನ."

ರಿಜಿಸ್ಟರ್ ತೆರದ್ಲು. ಆಫೀಸಿನವರು ಕೊಟ್ಟಿದ್ದು ಎರಡು ಕಾಲಮ್: ಹೊತ್ತು, ನೀರು. ಮೂರನೇ ಕಾಲಮ್ ಆಕಿ ತಾನೇ ಸ್ಕೇಲ್ ಹಿಡದು ಗೆರಿ ಎಳದಿದ್ಲು. ಅದರಾಗ ಕರೆಂಟ್ ಹೋದದ್ದು, ಬಂದದ್ದು, ಹಸರು ದೀಪ ಹತ್ತಿದ್ದು, ಹತ್ತದೇ ಇದ್ದದ್ದು, ಎಲ್ಲಾ. ನಾನು ದೀಪ ನೋಡು ಅಂದಿದ್ದೆ, ಆಕಿ ನೋಡಿ ಬರದಿಟ್ಟಿದ್ಲು. ನಮ್ಮ ಪೆಟಗಿ ತಾನೇ ಬರಕೋತದಲ್ಲ ಲಾಗ್ ಅಂತ, ಅದರಾಗ ಇಷ್ಟು ಇರಲಿಲ್ಲ. ಯಾಕಂದ್ರ ಪೆಟಗಿ ಸತ್ತಾಗ ಪೆಟಗಿ ಬರಿಯಂಗಿಲ್ಲ, ಹುಲಿಗೆಮ್ಮ ಬರದಾಳ.

ಆರೂ ಸಲ ಒಂದೇ ಕತಿ: ಕರೆಂಟ್ ಹೋಗಿ ಬಂದ ಮ್ಯಾಲ ದೀಪ ಹತ್ತಿಲ್ಲ.

ನಾ ಉಬ್ಬಿದೆ. "ಇದೇನು ದೊಡ್ಡದು, ಈಗ ನೋಡೋಣ" ಅಂತ ಟೇಬಲ್ ಮ್ಯಾಲ ಚಾಲೂ ಇದ್ದ ಅಂಥದ್ದೇ ಒಂದು ಪೆಟಗಿಯ ಪ್ಲಗ್ ಕಿತ್ತೆ, ಹಾಕಿದೆ. ಟಕ್, ಹಸರು ದೀಪ. ಮತ್ತ ಕಿತ್ತೆ, ಹಾಕಿದೆ. ಹಸರು ದೀಪ. ಹತ್ತು ಸಲ ಮಾಡಿದೆ, ಹತ್ತೂ ಸಲ ಹತ್ತತು. ನನ್ನ ಪೆಟಗಿ ಅಷ್ಟು ಚಂದ ಕೆಲಸ ಮಾಡಿದ್ದು ನೋಡಿ ನನಗ ಅಳು ಬರೋದೊಂದು ಬಾಕಿ. "ಯವ್ವಾ, ಪೆಟಗಿ ಸರಿ ಅದ..."

"ಲಗೂ ಹಾಕಿದ್ರ ಹತ್ತತದ," ಅಂದ್ಲು ಹುಲಿಗೆಮ್ಮ. "ಬುಕ್ಕಿನಾಗ ಬರದೀನಲ್ಲ, ನೋಡು. ಕರೆಂಟ್ ಹೋಗಿ ಜಲ್ದಿ ಬಂದಾಗ ಹತ್ತ್ಯಾದ. ತಡಾ ಆಗಿ ಬಂದಾಗ ಹತ್ತಿಲ್ಲ. ಪ್ಲಗ್ ಕೀಳು, ಚಹಾ ಕುಡಿ, ಆಮ್ಯಾಲ ಹಾಕು."

ಖಾಜಾ ಭಾಯಿ ಹೊಳ್ಳಿ ನೋಡಿದ. ಪ್ಲಗ್ ಕಿತ್ತ. ಚಹಾಕ್ಕ ಹೇಳಿದ.

ಮೂವರೂ ಚಹಾ ಕುಡದ್ವಿ. ಹುಲಿಗೆಮ್ಮ ಬಸಿಯೊಳಗ ಹಾಕ್ಕೊಂಡು ನಿಧಾನ ಕುಡದ್ಲು. ಬಸಿ ಕೆಳಗಿಟ್ಟು ಕೈ ಮಾಡಿದ್ಲು. ನಾ ಪ್ಲಗ್ ಹಾಕಿದೆ. ಕೆಂಪು ದೀಪ ಬಂತು. ಹಸರು ದೀಪ ಬರಲಿಲ್ಲ. ಒಂದು ನಿಮಿಷ, ಐದು ನಿಮಿಷ. ಬರಲಿಲ್ಲ.

"ತಾರ್ ದೇಖ್ಯಾ ಕ್ಯಾ ರೇ?" ಅಂದ ಖಾಜಾ ಭಾಯಿ. ವೈರ್ ನೋಡಿಯೇನು? ಆರು ವರ್ಷದಾಗ ಅಷ್ಟು ಮೆತ್ತಗ ಅಂವ ಎಂದೂ ಮಾತಾಡಿದ್ದಿಲ್ಲ.

ವೈರಿಗೆ ಲ್ಯಾಪ್‌ಟಾಪ್ ಹಚ್ಚಿದ್ವಿ. ಆಗಿದ್ದಿಷ್ಟು. ಮೋಡೆಮ್ಮಿಗೆ ಒಂದು ಸಣ್ಣ ಬ್ಯಾಟರಿ ಅದ, ಕರೆಂಟ್ ಹೋದ್ರೂ ನಾಕೈದು ನಿಮಿಷ ಎಚ್ಚರ ಇರತದ. ಅದು ಮುಗದ್ರ ಮೋಡೆಮ್ಮೂ ಮಲಗತದ. ಆಮ್ಯಾಲ ಕರೆಂಟ್ ಬಂತಂದ್ರ ಕಂಪ್ಯೂಟರು, ಮೋಡೆಮ್ಮು ಇಬ್ಬರೂ ಒಮ್ಮೆಲೇ ಏಳತಾರ. ಮೋಡೆಮ್ಮು ಎದ್ದ ಕೂಡಲೇ ವೈರಿನಾಗ ಕೂಗತದ, "ನಾ ತಯಾರ್!" ಅಂತ. ಕಂಪ್ಯೂಟರಿನಾಗ ಕರ್ನಲ್ ಏಳೋಕಿಂತ ಮೊದಲ ಅದನ್ನ ಎಬ್ಬಿಸೋ ಒಂದು ಸಣ್ಣ ಪ್ರೋಗ್ರಾಮ್ ಅದ. ಅದು ಮೂರು ಸೆಕೆಂಡ್ ಕಾಯತದ: "ಯಾರಾದ್ರೂ ಒಂದು ಕೀ ಒತ್ತಿದ್ರ ನಿಲ್ಲತೀನಿ." ಮೋಡೆಮ್ಮಿನ ಕೂಗು ಕೇಳಿ, ಯಾರೋ ಒತ್ತಿದ್ರು ಅಂತ ತಿಳಕೊಂಡು ನಿಲ್ಲತದ. ಕೈ ಕಟ್ಟಕೊಂಡು ಅಪ್ಪಣೆ ಕಾಯಕೋತ ನಿಂತೇ ಬಿಡತದ. ನಾ ಹೋಗಿ ಬಟನ್ ಒತ್ತುವಾಗ ಮೋಡೆಮ್ ಮೊದಲೇ ಎಚ್ಚರ ಇರತಿತ್ತು, ಕೂಗತಿದ್ದಿಲ್ಲ. ಹಂಗಾಗಿ ಟಕ್ ಅಂತ ಹತ್ತತಿತ್ತು.

ಮಾನ್ವಿಯೊಳಗ ಬಾಗಲಾ ಕಾಯೋನ್ನ ತೆಗದಿದ್ದೆ. ಅವನಕಿಂತ ಮೊದಲ ಏಳೋನನ್ನ ಮರತಿದ್ದೆ. ಒಂದೇ ವೈರು, ಇಬ್ಬರ ಮಾತು, ಅದೇ ತಪ್ಪು, ಎರಡನೇ ಸಲ. ಕೈಯಾಡಿಸಿದಾಂವ ನಾನೇ.

ಆ ಮೂರು ಸೆಕೆಂಡ್ ಸೊನ್ನೆ ಮಾಡಿ, ಆ ವೈರಿನ ಕಡಿ ಕಿವಿ ಕೊಡಬ್ಯಾಡ ಅಂತ ಬರದೆ. ಎರಡು ಸಾಲು. ಮತ್ತ ಚಹಾ ಕುಡದು ಪ್ಲಗ್ ಹಾಕಿದ್ವಿ, ಹತ್ತತು. ಆಮ್ಯಾಲ ಮ್ಯಾನೇಜರಿಗೆ ಫೋನ್ ಮಾಡಿದೆ.

"ಭೇಷ್," ಅಂದ್ರು. "ಸುಮ್ನ ಹೋಗಿ ಸರಿ ಮಾಡಿ ಬಾ. ಬಾಯಿ ಬಿಡಬ್ಯಾಡ."

"ಸರ್, ಸೋಮವಾರ ಆ ಹೆಣ್ಮಗಳನ್ನ ತೆಗೀತಾರ."

"ಲೇ, ಆಕಿ ದಿನಗೂಲಿ. ಇಲ್ಲಿ ಹೊಸಾ ಟೆಂಡರ್ ಅದ. ನೀ ಬರದಿದ್ದು ಬರದಿದ್ದೇ. ನಡೀಲಿ ಬಿಡು."

ಹೊಸಬರಿಗೆ ಇಲ್ಲಿ ಒಂದು ಮಾತು. ಮಷೀನು ನಿಂತಾಗ ಅದರ ಹತ್ತರ ಯಾರು ಇರತಾರೋ ಅವರ ಮ್ಯಾಲ ಹಾಕೋದು ಭಾಳ ಸರಳ. ಯಾಕಂದ್ರ ಅವರಿಗೆ ಕರ್ನಲ್ ಅಂದ್ರೇನು ಗೊತ್ತಿಲ್ಲ, ನಿಮಗ ಗೊತ್ತದ. ನೀವು ಕಲತ ವಿದ್ಯಾ ಅವರ ಬಾಯಿ ಮುಚ್ಚಿಸಾಕ ಬಳಸಿದ್ರಿ ಅಂದ್ರ ನಿಮಗ ಏನೂ ಬರಂಗಿಲ್ಲ ಅಂತ ಅರ್ಥ. ನನಗ ಆ ಶುಕ್ರವಾರತನಕ ಏನೂ ಬರತಿದ್ದಿಲ್ಲ.

ಸೋಮವಾರ ದೇವದುರ್ಗಕ್ಕ ಕರೀಲಾರದೇ ಹೋದೆ, ಬಗಲಾಗ ಪೆಟಗಿ. ಆ ಎರಡು ಸಾಲು ಇನ್ನೂ ಬರೀದ ಪೆಟಗಿ. ಆಫೀಸಿನಾಗ ಎಂಜಿನಿಯರ್ ಸಾಹೇಬರು, ನಮ್ಮ ಮ್ಯಾನೇಜರು, ಗ್ವಾಡಿ ಹತ್ತರ ಹುಲಿಗೆಮ್ಮ ನಿಂತಾಳ. ನನ್ನ ನೋಡಿ ಮ್ಯಾನೇಜರ್ ಮಾರಿ ಹುಣಸಿಹಣ್ಣು ತಿಂದಂಗ ಆತು.

"ಸಾಹೇಬ್ರ," ಅಂದೆ, "ನಾ ಬರದುಕೊಟ್ಟಿದ್ದು ತಪ್ಪದ. ಪೆಟಗೀದೇ ದೋಷ. ತೋರಸತೀನಿ."

ಪೆಟಗಿ ಟೇಬಲ್ ಮ್ಯಾಲ ಇಟ್ಟು ಪ್ಲಗ್ ಹಾಕಿ, ಬಟನ್ ಒತ್ತಿ ಚಾಲೂ ಮಾಡಿದೆ. ಮ್ಯಾನೇಜರು ಮುಂದ ಬಂದು ತಾವೇ ಪ್ಲಗ್ ಕಿತ್ತು ಹಾಕಿದ್ರು. ಹಸರು ದೀಪ ಹತ್ತತು. "ನೋಡ್ರಿ ಸರ್. ಹುಡುಗಗ ತಲಿ ಕೆಟ್ಟದ, ಬಿಸಲು."

ಸಾಹೇಬರು ನನ್ನ ನೋಡಿದ್ರು. ನಾ ಹುಲಿಗೆಮ್ಮನ್ನ ನೋಡಿದೆ. ಆಕಿ ಹುಬ್ಬು ಹಾರಿಸಿದ್ಲು, ಅಷ್ಟೇ.

"ಪ್ಲಗ್ ಕೀಳ್ರಿ ಸಾಹೇಬ್ರ, ಎಲ್ಲರಿಗೂ ಚಹಾ ತರಸ್ರಿ," ಅಂದೆ. "ಚಹಾ ಕುಡದು ಹಾಕ್ರಿ."

"ಇದೇನು ಆಟ?" ಅಂದ್ರು ಮ್ಯಾನೇಜರು. "ನಮಗ ಟೈಮ್ ಇಲ್ಲ."

"ಆಕಿ ಹದಿನಾಕು ವರ್ಷ ಇಲ್ಲೇ ದುಡದಾಳ ಸರ್. ನಿಮಗ ಒಂದು ಚಹಾದಷ್ಟು ಟೈಮ್ ಇಲ್ಲೇನು?"

ಬಾಯಿ ಜಾರತು ಅಂತ ಹೇಳಂಗಿಲ್ಲ. ಬಸ್ಸಿನಾಗ ಕುಂತು ದಾರಿ ಉದ್ದಕ್ಕೂ ಇದನ್ನೇ ಕಂಠಪಾಠ ಮಾಡಕೊಂಡು ಬಂದಿದ್ದೆ. ಸಾಹೇಬರು ಪ್ಲಗ್ ಕಿತ್ತು ಚಹಾಕ್ಕ ಹೇಳಿದ್ರು. ಹುಲಿಗೆಮ್ಮಗೂ ಒಂದು ಅಂತ ಅವರೇ ಅಂದ್ರು. ಎಲ್ಲರೂ ಕುಡದ್ವಿ. ಮ್ಯಾನೇಜರು ಲಗೂ ಮುಗಸಾಕ ಹೋಗಿ ನಾಲಿಗಿ ಸುಟಗೊಂಡ್ರು. ಹುಲಿಗೆಮ್ಮನ ಬಸಿ ಖಾಲಿ ಆಗೋತನಕ ಕಾದ್ವಿ.

ಸಾಹೇಬರು ತಮ್ಮ ಕೈಲೇ ಪ್ಲಗ್ ಹಾಕಿದ್ರು. ಕೆಂಪು ದೀಪ. ಅದೊಂದೇ. ಕಾದ್ರು. ಅದೊಂದೇ.

"ಹಂಗಾರ ತಪ್ಪು ಯಾರದು?" ಅಂದ್ರು ಸಾಹೇಬರು.

"ಕಂಪನಿಯವರು ವಿಚಾರ ಮಾಡಿ ತಿಳಸತಾರ..." ಅಂತ ಮ್ಯಾನೇಜರು ಶುರು ಮಾಡಿದ್ರು.

"ನಂದು," ಅಂದೆ. "ಪೆಟಗಿ ಕಟ್ಟಿದಾಂವ ನಾನು, ಮರತಾಂವ ನಾನು, ಆಕಿ ಮ್ಯಾಲ ಹಾಕಿದಾಂವ ನಾನು. ಬರಕೊಳ್ರಿ."

ಸಾಹೇಬರು ಪೆನ್ ಹುಡುಕೋದ್ರಾಗ ಹುಲಿಗೆಮ್ಮ ತನ್ನ ರಿಜಿಸ್ಟರ್ ತಂದು ಟೇಬಲ್ ಮ್ಯಾಲ ಇಟ್ಲು. "ಇದರಾಗ ಬರಿ. ಹಾಳಿ ಕಳೀತಾವ, ಬುಕ್ ಕಳಿಯಂಗಿಲ್ಲ." ನಾ ಮೂರನೇ ಕಾಲಮಿನಾಗ ಬರದೆ: ಆರು ಸಲ ದೀಪ ಹತ್ತದಿದ್ದಕ್ಕ ಮೌನೇಶನ ತಪ್ಪು ಕಾರಣ, ಹುಲಿಗೆಮ್ಮನದು ಏನೂ ಇಲ್ಲ, ಆಕಿ ಕ್ಷಮಾ ಮಾಡಬೇಕು. ಆಕಿ ಓದಿದ್ಲು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ್ಲು. "ಹೊತ್ತು ಹಾಕಿಲ್ಲಲ್ಲ. ಸಹಿ ಎಲ್ಲದ?" ಹೊತ್ತು ಹಾಕಿ ಸಹಿ ಮಾಡಿದೆ. ಸಾಹೇಬರು ಅದರ ಕೆಳಗ ತಮ್ಮ ಸಹಿ ಹಾಕಿ, "ನೀ ಕೆಲಸಕ್ಕ ನಡಿಯವಾ, ಸಂಜಿ ಗೇಜ್ ನೋಡೋ ಹೊತ್ತಾತು" ಅಂದ್ರು.

ಬಸ್ ಸ್ಟ್ಯಾಂಡ್ ಮುಟ್ಟೋದ್ರಾಗ ಮ್ಯಾನೇಜರ ಎರಡು ಸಾಲು ಬಂದ್ವು. ಕಂಪನಿ ಮಾನ ಕಳದದ್ದಕ್ಕ ಕ್ಷಮಾ ಕೇಳಿ ಬರದುಕೊಡು, ಇಲ್ಲಂದ್ರ ನಾಳಿಂದ ಬರಬ್ಯಾಡ ಅಂತ. ನಾ ಒಂದು ಸಾಲು ಬರದೆ: "ಕ್ಷಮಾ ಕೇಳಬೇಕಾದಾಕಿ ಹತ್ತರ ಕೇಳೀನಿ." ಅದೇ ನನ್ನ ರಿಟೈರ್‌ಮೆಂಟ್. ಇವತ್ತಿನತನಕ ಆ ಸಾಲಿನಾಗ ತಿದ್ದೋದು ಏನೂ ಕಂಡಿಲ್ಲ. ನಾ ಬರದದ್ದರಾಗ ತಪ್ಪಿಲ್ಲದ್ದು ಅದೊಂದೇ ಇದ್ರೂ ಇರಬಹುದು.

ಪೆಟಗಿ ಎಲ್ಲಾ ಸರಿ ಮಾಡಾಕ ಖಾಜಾ ಭಾಯಿ ಹೋದ. ಹೋಗೋಕಿಂತ ಮೊದಲ ನನ್ನ ಅಂಗಡಿಗೆ ಬಂದು ಆ ಎರಡು ಸಾಲು ಬರಸ್ಕೊಂಡು ಹೋದ. "ಮುಜೆ ಮಾಲೂಮ್ ಹೈ ರೇ," ಅಂದ, ನನಗ ಗೊತ್ತದ ಅಂತ, "ಆದ್ರೂ ನಿನ್ನ ಕೈಲೇ ಇರಲಿ." ಈಗ ಹೊಸಾ ಮೋಡೆಮ್ ಬರತಾವ, ಹಚ್ಚಿದ್ರ ಸಾಕು, ಕರ್ನಲ್ ಪಟ್ಟಿ ನೋಡೋ ತ್ರಾಸಿಲ್ಲ. ಅದರ ಒಳಗೂ ಹಮಾಲ ಇದ್ದೇ ಇರತಾನ, ನಿಮಗ ಕಾಣಂಗಿಲ್ಲ ಅಷ್ಟೇ. ನಿಂತಾಗ ವೈರ್ ನೋಡ್ರಿ. ಅದಕ್ಕೂ ಮೊದಲ ಪೆಟಗಿ ಹತ್ತರ ಇರೋರನ್ನ ಕೇಳ್ರಿ.

ಹುಲಿಗೆಮ್ಮ ಈಗೂ ಅಲ್ಲೇ ಗೇಜ್ ನೋಡತಾಳ. ಕರೆಂಟ್ ಭಾಳ ಹೊತ್ತು ಹೋಗಿ ಬಂದ ದಿನ ನನಗ ಫೋನ್ ಬರತದ. ಮೊನ್ನಿನೂ ಬಂತು, ಒಂದು ಕಾಟಾ ಬಿಚ್ಚಿಟ್ಟುಕೊಂಡು ಕುಂತಾಗ.

"ಲೇ ಮೌನೇಶಾ, ಕರೆಂಟ್ ಬಂತು. ದೀಪ ಹತ್ತತು."

"ಯವ್ವಾ, ಎಷ್ಟು ಸಲ ಹೇಳಲಿ, ಅದು ಈಗ ನನ್ನ ಪೆಟಗಿ ಅಲ್ಲ. ನಾ ರಿಟೈರ್ ಆಗೀನಿ."

"ಅದೆಲ್ಲಾ ನನಗ ಗೊತ್ತಿಲ್ಲ," ಅಂದ್ಲು. "ಬುಕ್ಕಿನಾಗ ನಿನ್ನ ಸಹಿ ಅದ."